ಶರೀಫರ ಪದಕ್ಕೆ ಡ್ರಮ್ಮು ಬೇಡವಂತೆ

“ಗಂಟಲು ಚೆನ್ನಾಗಿದೆ ಮಾರಾಯ್ರೆ, ಇಲ್ಲ ಅನ್ನಲ್ಲ. ಆದ್ರೆ ಆ ಡ್ರಮ್ಮು, ಆ ಗಿಟಾರು ಯಾಕೆ ಬೇಕಿತ್ತು? ಶರೀಫಜ್ಜನ ಸಾಹಿತ್ಯವೇ ಮುಚ್ಚಿಹೋಯ್ತಲ್ಲ!”

ರಘು ದೀಕ್ಷಿತರ ಹೆಸರು ಬಂದಾಗಲೆಲ್ಲ ಶಿವಮೊಗ್ಗದಲ್ಲಿ ಈ ತೀರ್ಪು ಹೊರಬೀಳುತ್ತದೆ. ಹೇಳುವವರು ಒಳ್ಳೆಯವರೇ. ಹಾಡು ಬಲ್ಲವರು, ಒಂದು ಕಾಲದಲ್ಲಿ ಕ್ಯಾಸೆಟ್ಟು ಕೂಡಿಟ್ಟವರು, ಮಕ್ಕಳನ್ನು ಭಾವಗೀತೆ ಸ್ಪರ್ಧೆಗೆ ಕರೆದೊಯ್ಯುವವರು. ಶಿವಮೊಗ್ಗದಲ್ಲೊಂದು ಹೊಸಮನೆ ಬಡಾವಣೆ, ಭದ್ರಾವತಿಯಲ್ಲೊಂದು ಹೊಸಮನೆ ಬಡಾವಣೆ. ಊರು ಬೇರೆಯಾದರೂ ಈ ವಿಷಯದಲ್ಲಿ ಎರಡೂ ಹೊಸಮನೆಗಳದ್ದು ಒಂದೇ ಅಭಿಪ್ರಾಯ. 2008ರಲ್ಲಿ ‘ರಘು ದೀಕ್ಷಿತ್’ ಎಂಬ ಹೆಸರಿನಲ್ಲೇ ಬಂದ ಆ ಮೊದಲ ಆಲ್ಬಂ ಇಷ್ಟು ವರ್ಷವಾದರೂ ನಮ್ಮಲ್ಲಿ ಒಂದು ತಂಟೆಯ ಪ್ರಯೋಗವಾಗಿಯೇ ಉಳಿದಿದೆ. ಒಳ್ಳೆಯ ಗಾಯಕ, ಒಳ್ಳೆಯ ಪದ, ನಡುವೆ ಬಂದು ಕೂತ ಗದ್ದಲ ಎಂಬುದು ಲೆಕ್ಕ.

ಈ ಲೆಕ್ಕ ಬುಡದಲ್ಲೇ ತಪ್ಪು. ಆ ಆಲ್ಬಂನಲ್ಲಿ ಶರೀಫರ ಪದವನ್ನು ಅರ್ಥ ಮಾಡಿಕೊಂಡಿರುವುದೇ ಡ್ರಮ್ಮು ಮತ್ತು ಬಾಸ್ ಗಿಟಾರು. ಅವನ್ನು ತೆಗೆದರೆ ಉಳಿಯುವುದು ಇನ್ನೊಂದು ಭಾವಗೀತೆ. ಅಂಥವು ನಮ್ಮಲ್ಲಿ ಬೇಕಾದಷ್ಟಿವೆ.

ಈ ತೀರ್ಪು ಎಲ್ಲಿಂದ ಹುಟ್ಟಿತೆಂದು ನೋಡಿದರೆ ಅದಕ್ಕೊಂದು ಮರ್ಯಾದೆಯ ಮೂಲವಿದೆ, ಅದನ್ನು ಒಪ್ಪಿಕೊಂಡೇ ಜಗಳ ಮಾಡಬೇಕು. ಈ ಜಿಲ್ಲೆ ಕುವೆಂಪು ಬೆಳೆದ ನೆಲ. ಕೆ.ಎಸ್. ನಿಸಾರ್ ಅಹಮದ್ ಇಲ್ಲಿನ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡಿದವರು. ಮೈಸೂರು ಅನಂತಸ್ವಾಮಿಯವರು ಅವರ ಕವಿತೆಗಳನ್ನು ‘ನಿತ್ಯೋತ್ಸವ’ ಕ್ಯಾಸೆಟ್ಟಾಗಿಸಿದ ಮೇಲೆ ಕನ್ನಡದ ಮನೆಗಳಲ್ಲಿ ಕವಿತೆಯನ್ನು ಓದುವುದಕ್ಕಿಂತ ಕೇಳುವುದೇ ರೂಢಿಯಾಯಿತು. ಊರ ಹೆಸರನ್ನೇ ಮುಂದಿಟ್ಟುಕೊಂಡ ಶಿವಮೊಗ್ಗ ಸುಬ್ಬಣ್ಣ ಹೊಸನಗರ ತಾಲ್ಲೂಕಿನ ನಗರದವರು, ವಕೀಲಿಕೆ ಮಾಡುತ್ತ ಹಾಡಿದವರು. 1965ರಲ್ಲಿ ಶುರುವಾದ ಭದ್ರಾವತಿ ಆಕಾಶವಾಣಿಯಂತೂ ಅಡುಗೆಮನೆಯ ಒಗ್ಗರಣೆ ಸದ್ದಿನ ಮಧ್ಯೆಯೇ ಬೇಂದ್ರೆ, ಕೆ.ಎಸ್.ನ., ಜಿ.ಎಸ್. ಶಿವರುದ್ರಪ್ಪನವರನ್ನು ನಮ್ಮ ಕಿವಿಗೆ ಹಾಕಿತು. ಹೀಗೆ ಬೆಳೆದ ಕಿವಿಗೆ ಒಂದು ನಂಬಿಕೆ ಅಂಟಿಕೊಂಡಿತು: ಹಾಡು ಎಂದರೆ ಕವಿತೆ; ರಾಗ, ವಾದ್ಯ ಎಲ್ಲ ಅದನ್ನು ಹೊತ್ತು ತರುವ ಪಲ್ಲಕ್ಕಿ. ಸ್ಪರ್ಧೆಗಳಲ್ಲಿ ತೀರ್ಪುಗಾರರು ಮೊದಲು ನೋಡುವುದು ಸಾಹಿತ್ಯಶುದ್ಧಿ. ‘ಳ’ಕಾರ ‘ಲ’ಕಾರ ಆಗಬಾರದು, ಅಲ್ಪಪ್ರಾಣ ಮಹಾಪ್ರಾಣ ತಪ್ಪಬಾರದು.

ಕವಿ ಬರೆದ ಕವಿತೆಗೆ ಈ ನಿಯಮ ಸರಿ. ತತ್ವಪದಕ್ಕೂ ಇದನ್ನೇ ಹೊರಿಸಿದ್ದು ಎಡವಟ್ಟು.

ಶಿಶುನಾಳ ಶರೀಫರು (1819–1889) ಪುಸ್ತಕಕ್ಕೆಂದು ಪದ ಕಟ್ಟಿದವರಲ್ಲ. ಅವರ ಪದಗಳು ಉಳಿದದ್ದು ಬಾಯಿಯಿಂದ ಬಾಯಿಗೆ. ಏಕತಾರಿ, ದಮ್ಮಡಿ, ತಾಳದ ಜತೆ ಕಟ್ಟೆಯ ಮೇಲೆ, ಮಠದಲ್ಲಿ, ರಾತ್ರಿಯಿಡೀ ನಡೆಯುವ ಭಜನೆಯಲ್ಲಿ. ಹಾವೇರಿ, ಧಾರವಾಡದ ಕಡೆ ಭಜನೆಗೆ ಕೂತವರಿಗೆ ಇದು ಗೊತ್ತು. ಒಬ್ಬ ಎತ್ತಿಕೊಟ್ಟರೆ ಉಳಿದವರು ಪಲ್ಲವಿ ಹಿಡಿಯುತ್ತಾರೆ, ಸುತ್ತು ಸುತ್ತಿಗೂ ಲಯ ಏರುತ್ತದೆ, ಮಧ್ಯರಾತ್ರಿ ದಾಟಿದ ಮೇಲೆ ಅಲ್ಲಿ ಯಾರೂ ಪದಗಳ ಅರ್ಥ ಬಿಡಿಸುತ್ತ ಕೂತಿರುವುದಿಲ್ಲ. ಅರ್ಥ ಹೊಳೆಯುವುದಿದ್ದರೆ ಅದು ಆ ಸುತ್ತಿನಲ್ಲೇ, ಹತ್ತನೆಯ ಸಲವೋ ಇಪ್ಪತ್ತನೆಯ ಸಲವೋ ಅದೇ ಸಾಲು ಬಂದು ಬಡಿದಾಗ. ಇನ್ನು ಆ ಸಾಹಿತ್ಯವಾದರೂ ಎಂಥದ್ದು? ಕೋಳಿ ಕೋತಿಯನ್ನು ನುಂಗುತ್ತದೆ ಎನ್ನುವ ಪದವನ್ನು ಮೊದಲ ಸಲ ಕೇಳಿದಾಗಲೇ ‘ಸಾಹಿತ್ಯ ಸ್ಪಷ್ಟವಾಗಿ ಕೇಳಿಸಿತು, ತಿಳಿಯಿತು’ ಎಂದವರನ್ನು ನಾನು ನಂಬುವುದಿಲ್ಲ. ಬೆಡಗಿನ ಪದದ ಹುನ್ನಾರವೇ ಅದು: ಬುದ್ಧಿಗೆ ಬೀಗ ಹಾಕಿ ಬೇರೆ ಬಾಗಿಲು ತೆರೆಸುವುದು. ಆ ಬೇರೆ ಬಾಗಿಲು ಮೈ.

“ಹಾಗಾದರೆ ಅಶ್ವಥ್ ಹಾಡಿದ್ದು?” ಎಂದು ಕೇಳುತ್ತಾರೆ. ಈ ಪ್ರಶ್ನೆ ಬರಲೇಬೇಕು. ಅಶ್ವಥ್ ರಾಗ ಹಾಕಿ, ಅಶ್ವಥ್ ಮತ್ತು ಸುಬ್ಬಣ್ಣ ಹಾಡಿದ ಶರೀಫರ ಪದಗಳೇ ನಮಗೆ ‘ಮೂಲ’. 1990ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಸಿನಿಮಾ ಬಂದ ಮೇಲೆ ಆ ಮೊಹರು ಇನ್ನೂ ಗಟ್ಟಿಯಾಯಿತು. ಶರೀಫರು ತೀರಿಕೊಂಡು ನೂರು ವರ್ಷ ಕಳೆದ ಮೇಲೆ ಬಂದ ಸಿನಿಮಾ ಅದು. ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ನೌಕರಿ ಮಾಡುತ್ತ ಅಶ್ವಥ್ ರಾಗ ಕೂಡಿಸಿದರು; ವಾದ್ಯವೃಂದ ಇಟ್ಟುಕೊಂಡು ಸ್ಟುಡಿಯೋದಲ್ಲಿ ಹಾಡಿದರು; ನಾಡು ತಲೆದೂಗಿತು. ನಾನೂ ತಲೆದೂಗಿದವನೇ. ಆದರೆ ಅದು ಮೂಲವಲ್ಲ, ಅದೂ ಒಂದು ವ್ಯಾಖ್ಯಾನ, ಅದರ ಕಾಲಕ್ಕೆ ಭಾರೀ ಧೈರ್ಯದ ವ್ಯಾಖ್ಯಾನ. ಭಾವಗೀತೆಯೆಂದರೆ ತಗ್ಗಿದ ದನಿ, ನಯ, ನಾಜೂಕು ಎಂದಿದ್ದಲ್ಲಿ ಅಶ್ವಥ್ ಕತ್ತಿನ ನರ ಉಬ್ಬುವಂತೆ ಕೂಗಿ ಹಾಡಿದರು. 2005ರಲ್ಲಿ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ಮಾಡಿದಾಗ ಅವರು ನಿಂತದ್ದು ಸಭಾಂಗಣದ ಸುಗಮ ಸಂಗೀತಗಾರನ ಹಾಗಲ್ಲ, ಮೈದಾನ ತುಂಬಿದ ಜನದೆದುರು ಒಬ್ಬ ರಾಕ್ ಗಾಯಕ ನಿಲ್ಲುವ ಹಾಗೆ. ಅಲ್ಲಿಗೂ ದೀಕ್ಷಿತರ ಆಲ್ಬಂಗೂ ಮೂರೇ ವರ್ಷದ ಅಂತರ. ಅಶ್ವಥ್ ತೆರೆದ ಬಾಗಿಲಲ್ಲೇ ದೀಕ್ಷಿತರು ಒಳಗೆ ಬಂದದ್ದು. ಬಂದವರನ್ನು ಅಶ್ವಥ್ ಹೆಸರು ಹೇಳಿಯೇ ತಡೆಯುತ್ತಿದ್ದೇವೆ.

ವಾದ್ಯದ ಮಡಿಮೈಲಿಗೆಯ ಮಾತಿಗೆ ಬರೋಣ. ಹಾರ್ಮೋನಿಯಂ, ತಬಲ ಇದ್ದರೆ ಸಂಪ್ರದಾಯ, ಗಿಟಾರು, ಡ್ರಮ್ಮು ಬಂದರೆ ಅಪಚಾರ ಎನ್ನುವವರು ಭದ್ರಾವತಿ ಆಕಾಶವಾಣಿಯ ಚರಿತ್ರೆಯನ್ನೇ ನೆನಪಿಸಿಕೊಳ್ಳಲಿ. ಆ ಕೇಂದ್ರ ಆರಂಭವಾದಾಗ ಹಾರ್ಮೋನಿಯಂಗೇ ಆಕಾಶವಾಣಿಯಲ್ಲಿ ಬಹಿಷ್ಕಾರವಿತ್ತು. 1940ರಲ್ಲಿ ಹಾಕಿದ ಆ ನಿಷೇಧ ಸಡಿಲವಾದದ್ದು 1971ರಲ್ಲಿ. ಪರದೇಶದ ಪೆಟ್ಟಿಗೆ, ನಮ್ಮ ಗಮಕಕ್ಕೆ ಒಗ್ಗದು ಎಂಬುದು ಆಗಿನ ವಿದ್ವಾಂಸರ ತಕರಾರು. ಇವತ್ತು ಗಿಟಾರಿನ ಮೇಲೆ ಹೊರಿಸುವ ಆರೋಪಪಟ್ಟಿ ಅಕ್ಷರಶಃ ಅದೇ. ಅಷ್ಟೇಕೆ, ನಮ್ಮೂರಲ್ಲಿ ಗಣಪತಿ ಬಿಡುವ ದಿನ ಗಾಂಧಿ ಬಜಾರಿನ ಗೋಡೆಗಳು ಅದುರುವಷ್ಟು ಡ್ರಮ್ಮು ಬಾರಿಸುತ್ತಾರೆ. ಡೊಳ್ಳು ಕುಣಿತದ ತಂಡಗಳಿಗೆ ಸಾಗರ, ಸೊರಬ ಹೆಸರುವಾಸಿ. ಆಗ ಯಾರೂ ‘ಸಾಹಿತ್ಯ ಕೇಳಿಸಲಿಲ್ಲ’ ಎಂದು ಮನೆಗೆ ಹೋಗುವುದಿಲ್ಲ. ಡೊಳ್ಳಿನ ಮುಂದೆ ಕಾಲು ತಡೆಯದೆ ಕುಣಿದವರೇ ಕುವೆಂಪು ರಂಗಮಂದಿರದ ಕುರ್ಚಿಯಲ್ಲಿ ಕೂತೊಡನೆ ಮೈಯನ್ನು ಹೊರಗೆ ಚಪ್ಪಲಿಯ ಜತೆ ಬಿಟ್ಟು ಬಂದಂತೆ ಮಾಡುತ್ತಾರೆ.

ಸುಬ್ಬಣ್ಣನವರ ಹೆಸರನ್ನೂ ಈ ವಾದಕ್ಕೆ ಎಳೆಯುವುದುಂಟು: ಎಂಥ ಸೌಮ್ಯ ಗಾಯನ, ಅದೆಲ್ಲಿ ಇದೆಲ್ಲಿ! ಸರಿ, ಅವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಹಾಡು ಯಾವುದು? 1978ರ ‘ಕಾಡು ಕುದುರೆ’ ಸಿನಿಮಾದ ಶೀರ್ಷಿಕೆ ಗೀತೆ. ಬರೆದವರು, ರಾಗ ಹಾಕಿದವರು, ಸಿನಿಮಾ ತೆಗೆದವರು ಚಂದ್ರಶೇಖರ ಕಂಬಾರರೇ. ಅದು ಲಯವನ್ನೇ ನೆಚ್ಚಿ ನಿಂತ ಹಾಡು; ಕುದುರೆ ಓಡಿ ಬರುವುದನ್ನು ಅದು ಹೇಳುವುದಕ್ಕಿಂತ ಹೆಚ್ಚಾಗಿ ಓಡಿಸಿ ತೋರಿಸುತ್ತದೆ. ಕನ್ನಡ ಗಾಯಕನೊಬ್ಬನಿಗೆ ಮೊದಲ ಬಾರಿಗೆ ಹಿನ್ನೆಲೆ ಗಾಯನದ ರಾಷ್ಟ್ರಪ್ರಶಸ್ತಿ ಬಂದದ್ದು ಗೊರಸಿನ ಸದ್ದಿನ ಮೇಲೆ ಕೂತ ಹಾಡಿಗೆ. ಊರ ಮಗನ ಕಿರೀಟವನ್ನು ನೆನೆಯುವಾಗ ಇದನ್ನು ಮಾತ್ರ ಮರೆಯುತ್ತೇವೆ.

ಈಗ ಆಲ್ಬಂಗೆ. ಅದರ ಮೇಲೆ ಅಂಟಿಸಿದ ಚೀಟಿ ‘ಫೋಕ್ ರಾಕ್’. ಚೀಟಿ ಸುಳ್ಳಲ್ಲ, ಆದರೆ ಆ ಹಾಡುಗಳ ಸೊಂಟದಲ್ಲಿರುವುದು ಫಂಕ್. ಫಂಕ್ ಎಂದರೇನೆಂದು ಒಂದು ಮಾತು ಹೇಳಬೇಕು, ಏಕೆಂದರೆ ‘ಗದ್ದಲ’ ಎನ್ನುವವರ ಕಿವಿ ತಪ್ಪಿಸಿಕೊಳ್ಳುತ್ತಿರುವುದು ಅದನ್ನೇ. ಅಮೆರಿಕದ ಕಪ್ಪುಜನರ ಸಂಗೀತದಲ್ಲಿ ಅರವತ್ತರ ದಶಕದ ನಡುವೆ ಜೇಮ್ಸ್ ಬ್ರೌನ್ ಒಂದು ಪಲ್ಲಟ ಮಾಡಿದ. ರಾಗದ ಏರಿಳಿತವನ್ನು ಹಿಂದಕ್ಕೆ ಸರಿಸಿ, ಇಡೀ ಭಾರವನ್ನು ಆವರ್ತದ ಮೊದಲ ಹೊಡೆತದ ಮೇಲೆ ಹಾಕಿದ. ಗಿಟಾರು, ಕಹಳೆ, ಡ್ರಮ್ಮು, ಬಾಸು ಎಲ್ಲವೂ ತಾಳವಾದ್ಯಗಳೇ ಆದವು. ಒಂದೊಂದೂ ತನ್ನ ಪುಟ್ಟ ತುಣುಕನ್ನು ನುಡಿಸುತ್ತ ಹೋಗಿ ಆ ಮೊದಲ ಹೊಡೆತದಲ್ಲಿ ಕೂಡಬೇಕು. ಹಿಂದೂಸ್ತಾನಿ ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ, ‘ಸಮ’ಕ್ಕೆ ಬಂದು ಸೇರುವ ಸುಖ ಅವರಿಗೆ ಗೊತ್ತು. ಭಜನೆಯವರಿಗೂ ಗೊತ್ತು. ಸ್ಲೈ ಸ್ಟೋನ್‌ನ ತಂಡದಲ್ಲಿದ್ದ ಲ್ಯಾರಿ ಗ್ರಹಾಂ ಬಾಸ್ ತಂತಿಯನ್ನು ಹೆಬ್ಬೆರಳಿನಿಂದ ಬಡಿದು ನುಡಿಸಿದ ಮೇಲೆ, ಅದುವರೆಗೆ ಹಿಂದೆ ನಿಂತು ಗುಂಯ್‌ಗುಟ್ಟುತ್ತಿದ್ದ ವಾದ್ಯ ಮುಂದೆ ಬಂದು ಮಾತಾಡತೊಡಗಿತು. ಜಾರ್ಜ್ ಕ್ಲಿಂಟನ್‌ನ ಫಂಕಡೆಲಿಕ್ ಈ ಲಯಕ್ಕೆ ರಾಕ್ ಗಿಟಾರನ್ನು ಬೆರೆಸಿತು. ಲಾಸ್ ಏಂಜಲಿಸ್‌ನ ರೆಡ್ ಹಾಟ್ ಚಿಲಿ ಪೆಪ್ಪರ್ಸ್ 1991ರ ‘ಬ್ಲಡ್ ಶುಗರ್ ಸೆಕ್ಸ್ ಮ್ಯಾಜಿಕ್’ನಲ್ಲಿ ಅದನ್ನು ಜಗತ್ತಿನ ಮಕ್ಕಳ ಕಿವಿಗೆಲ್ಲ ತಲುಪಿಸಿತು.

ದೀಕ್ಷಿತರ ‘ಗುಡುಗುಡಿಯ ಸೇದಿ ನೋಡೋ’ ಕೇಳುವಾಗ ಈ ಹಿನ್ನೆಲೆ ಕಿವಿಯಲ್ಲಿರಲಿ. ಶರೀಫರು ಹುಕ್ಕಾದ ನೆಪದಲ್ಲಿ ಹೇಳುತ್ತಿರುವುದು ಉಸಿರಿನ ವಿದ್ಯೆ. ಎಳೆದುಕೊಳ್ಳುವುದು, ಹಿಡಿಯುವುದು, ಬಿಡುವುದು: ಯೋಗವನ್ನು ಹುಕ್ಕಾದೊಳಗೆ ಬಚ್ಚಿಟ್ಟಿದ್ದಾರೆ. ಉಸಿರಿನ ಬಗೆಗಿನ ಪದ ಎದೆಯ ಬಡಿತಕ್ಕೆ ತಾಗದಿದ್ದರೆ ಅದು ಉಪನ್ಯಾಸವಾದೀತು. ಇಲ್ಲಿ ಬಾಸು ಮತ್ತು ಡ್ರಮ್ಮು ಮಾಡಿರುವುದು ಅದೇ ಕೆಲಸ. ಅದೇ ಲಯ ಸುತ್ತುತ್ತದೆ, ಹಾಡುವವನು ಅದರ ಮೇಲೆ ಎಳೆದು ಬಿಡುತ್ತಾನೆ. ಕೇಳುವವನ ಉಸಿರೂ ಜತೆಗೇ ಹೊರಡುತ್ತದೆ. ತಾಳದ ಮೇಲೆ ವೇದಾಂತ ಹಾಕಿದ್ದಾರೆಂದು ಮೂಗು ಮುರಿಯುವವರು ದಮ್ಮಡಿಯವರಿಗೆ ಏನೆನ್ನುತ್ತಾರೋ.

‘ಸೋರುತಿಹುದು ಮನಿಯ ಮಾಳಿಗಿ’ಯ ಬಗ್ಗೆ ಇನ್ನೂ ಕಟುವಾಗಿ ಹೇಳಬೇಕಿದೆ. ಅಶ್ವಥ್ ಅದನ್ನು ಶೋಕವಾಗಿ ಹಾಡಿದರು; ಮಲೆನಾಡಿನವರಾದ ನಮಗೆ ಅದು ಕೂಡಲೇ ಹಿಡಿಸಿತು, ಏಕೆಂದರೆ ನಮ್ಮ ಮನೆ ಸೋರುವುದು ಹಾಗೆಯೇ. ಹೆಂಚಿನ ಮಾಡು, ಒಂದು ಹೆಂಚು ಸರಿದರೆ ಒಂದು ಕಡೆ ಹನಿ, ಕೆಳಗೊಂದು ಪಾತ್ರೆ ಇಟ್ಟರೆ ಮುಗಿಯಿತು. ನಿಟ್ಟುಸಿರು ಬಿಡುತ್ತ ಕೂರುವಷ್ಟು ಪುರುಸೊತ್ತಿದೆ. ಆದರೆ ಶರೀಫರ ಸೀಮೆಯ ಮಾಳಿಗೆ ಮಣ್ಣಿನದು. ತೊಲೆ, ಜಂತೆಯ ಮೇಲೆ ಮಣ್ಣು ಹರವಿ ಗಟ್ಟಿಸಿದ ಸಪಾಟು ಸೂರು. ಅದು ಸೋರತೊಡಗಿತೆಂದರೆ ಮಣ್ಣು ನೀರು ಕುಡಿದು ಭಾರವಾಗುತ್ತಿದೆ ಎಂದರ್ಥ. ಜಂತೆ ಯಾವಾಗ ಕೈಬಿಡುತ್ತದೋ ಗೊತ್ತಿಲ್ಲ, ಕತ್ತಲಲ್ಲಿ ಮೇಲೆ ಹತ್ತಿ ನೋಡಲೂ ಧೈರ್ಯವಿಲ್ಲ. ಅಲ್ಲಿರುವುದು ಶೋಕಕ್ಕಿಂತ ಮೊದಲಿನ ಗಾಬರಿ. ದೀಕ್ಷಿತರ ಹಾಡಿನಲ್ಲಿ ಪಿಟೀಲು, ಗಿಟಾರು ಸೇರಿ ಬಿಸಿ ಏರುತ್ತ ಹೋಗುವುದನ್ನು ‘ಕಿರುಚಾಟ’ ಎಂದವರು ಆ ಪದವನ್ನು ಹೆಂಚಿನ ಮನೆಯಲ್ಲಿ ಕೂತು ಕೇಳಿದ್ದಾರೆ, ಅಷ್ಟೆ. ಸಾಹಿತ್ಯ ಮುಚ್ಚಿಹೋಯಿತೆಂಬ ಕಡೆಯಲ್ಲೇ ಸಾಹಿತ್ಯದ ಅಪಾಯ ಮೊದಲ ಸಲ ಕೇಳಿಸಿದೆ.

ಇನ್ನೊಂದು ಗುಂಪಿದೆ, ಆಲ್ಬಂನ ಪರ ನಿಂತಂತೆ ಕಾಣುವ ಗುಂಪು. ಅವರ ವಾದ ಇನ್ನೂ ಬೇಸರ ತರುತ್ತದೆ. 2010ರಲ್ಲಿ ತಂಡ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿತು, 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವಕ್ಕೆ ಹೋಯಿತು, ಅದೇ ವರ್ಷ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸಬರ ಪ್ರಶಸ್ತಿ ಬಂತು. ಆದ್ದರಿಂದ ಆಲ್ಬಂ ದೊಡ್ಡದು. ‘ಶರೀಫರನ್ನು ಲಂಡನ್ನಿಗೆ ಕರೆದೊಯ್ದ ಕನ್ನಡಿಗ’ ಎಂಬ ಶಾಲು ಹೊದಿಸಿದರೆ ಕೆಲಸ ಮುಗಿಯಿತು. ಹಾಡನ್ನು ಕೇಳುವ ಶ್ರಮ ಉಳಿಯಿತು. ಲಂಡನ್ನಿನವರಿಗೆ ಕನ್ನಡ ಬರುವುದಿಲ್ಲ. ಅವರನ್ನು ಹಿಡಿದದ್ದು ಸಾಹಿತ್ಯವಂತೂ ಅಲ್ಲ! ಹಿಡಿದದ್ದು ಲುಂಗಿ, ಗೆಜ್ಜೆಯ ವೇಷವೊಂದೇ ಎಂದರೆ ಅವರ ಕಿವಿಗೆ ಅನ್ಯಾಯ. ಭರತನಾಟ್ಯ ಕಲಿತ ಗಾಯಕ ಕಾಲಿಗೆ ಗೆಜ್ಜೆ ಕಟ್ಟಿಕೊಂಡು ವೇದಿಕೆಯ ಮೇಲೆ ತಾಳ ತುಳಿಯುತ್ತಿದ್ದದ್ದು ಅವರಿಗೆ ನೇರವಾಗಿ ಮುಟ್ಟಿತು. ಮೈಸೂರಿನ ಸಂಗೀತವನ್ನು ಲಂಡನ್ನಿನ ಕಿವಿ ಲಯದಿಂದ ಹಿಡಿಯಿತು. ನಾವು ಅದೇ ಲಯಕ್ಕೆ ಕ್ಷಮೆ ಕೇಳುತ್ತ, ಅವರು ಕೊಟ್ಟ ಪ್ರಶಸ್ತಿಯನ್ನು ಗೋಡೆಗೆ ನೇತುಹಾಕುತ್ತಿದ್ದೇವೆ.

ತಂಡದ ಬಾಳಿನಲ್ಲಿ ಈ ಆಲ್ಬಂನ ಜಾಗ ಯಾವುದು ಎಂಬ ಲೆಕ್ಕವೂ ನಮ್ಮಲ್ಲಿ ಕೆಟ್ಟಿದೆ. ‘ಮೊದಲ ಆಲ್ಬಂ, ಹುಡುಗಾಟದ ಹುಮ್ಮಸ್ಸು, ಆಮೇಲೆ ಸಿನಿಮಾಕ್ಕೆ ಹೋದ’ ಎಂಬುದು ಚಾಲ್ತಿಯಲ್ಲಿರುವ ಕಥೆ. ಅದು ಹುಡುಗಾಟವಾಗಿರಲಿಲ್ಲ. ಅಂತರಾಗ್ನಿ ಎಂಬ ತಂಡ ಕಟ್ಟಿಕೊಂಡು ತೊಂಬತ್ತರ ದಶಕದ ಕೊನೆಯಿಂದ ವೇದಿಕೆಗಳಲ್ಲಿ ತಿಕ್ಕಿ ತೀಡಿದ ಹಾಡುಗಳು ಅಲ್ಲಿವೆ. ಧ್ವನಿಮುದ್ರಣ ಕಂಪನಿಗಳು ಬೇಡವೆಂದ ಮೇಲೆ, ಮುಂಬೈಯಲ್ಲಿ ಹಾಡು ಕೇಳಿದ ವಿಶಾಲ್–ಶೇಖರ್ ಜೋಡಿ ತಮ್ಮದೇ ಹೊಸ ಸಂಸ್ಥೆಯಿಂದ ಅದನ್ನು ಹೊರತಂದರು. ಹತ್ತು ವರ್ಷದ ಗಳಿಕೆಯನ್ನು ಒಂದೇ ತಟ್ಟೆಯಲ್ಲಿ ಕೊಟ್ಟಾಗ ನಾವು ಅದರಲ್ಲಿ ಎರಡು ಶರೀಫ್ ಪದಗಳನ್ನು ಆರಿಸಿಕೊಂಡು, ಉಳಿದದ್ದನ್ನು ಎಲೆಯ ತುದಿಗೆ ಸರಿಸಿಬಿಟ್ಟೆವು. ಲಹರಿ, ಸಂಗೀತಾ ಕ್ಯಾಸೆಟ್ಟುಗಳ ಕಾಲದಿಂದ ಬಂದ ಅಭ್ಯಾಸ ಇದು: ಅಂಗಡಿಯಲ್ಲಿ ಕವಿಯ ಹೆಸರು ಕೇಳಿ ಕ್ಯಾಸೆಟ್ಟು ಕೊಳ್ಳುತ್ತಿದ್ದೆವು, ಇಡೀ ಆಲ್ಬಂ ಒಂದು ಕೃತಿ ಎಂದು ಯಾರೂ ಕೇಳಿಸಿಕೊಳ್ಳಲಿಲ್ಲ. ಹಿಂದಿಯ ‘ಮೈಸೂರ್ ಸೆ ಆಯಿ’ಯನ್ನು ‘ಗುಡುಗುಡಿ’ಯ ಪಕ್ಕದಲ್ಲಿಟ್ಟು ಕೇಳಿದರೆ ಗೊತ್ತಾಗುತ್ತದೆ, ಒಂದು ಹುಡುಗಿಯ ಹಾಡು, ಇನ್ನೊಂದು ಹುಕ್ಕಾದ ಹಾಡು, ಎರಡಕ್ಕೂ ಕಾಲು ಒಂದೇ.

ಸಿನಿಮಾಕ್ಕೆ ಹೋದದ್ದೂ ಆಮೇಲಲ್ಲ. ಅದೇ 2008ರಲ್ಲಿ ‘ಸೈಕೋ’ ಬಂತು, ಅದರ ಮಾದೇಶ್ವರನ ಹಾಡು ಆಟೋ ಆಟೋದಲ್ಲಿ ಮೊಳಗಿತು. ಅದೂ ಇದೇ ಅಚ್ಚಿನ ಹಾಡು: ಜನಪದ ದೈವ, ಅಬ್ಬರದ ತಾಳ, ಕೆಳಗೆ ಕುಣಿಸುವ ಬಾಸು. ಅಲ್ಲಿ ಯಾರೂ ಮಲೆ ಮಾದಪ್ಪನ ಸಾಹಿತ್ಯ ಮುಚ್ಚಿಹೋಯಿತೆಂದು ಗೋಳಾಡಿದ್ದು ನನ್ನ ಕಿವಿಗೆ ಬಿದ್ದಿಲ್ಲ. ಸಿನಿಮಾಕ್ಕೆ ಎಲ್ಲವೂ ಮಾಫಿ. ಆಲ್ಬಂ ಎಂದೊಡನೆ ನಾವೆಲ್ಲ ಮಠದ ಕಾವಲುಗಾರರು.

ನಿಜವಾದ ಟೀಕೆ ಬೇಕೆಂದರೆ ಅದಕ್ಕೂ ಆ ಆಲ್ಬಂ ಜಾಗ ಕೊಡುತ್ತದೆ. ಅದರ ಇಂಗ್ಲಿಷ್ ಪ್ರೇಮಗೀತೆ ಸಪ್ಪೆ. ಯಾವ ಊರಿನ ಯಾವ ಹುಡುಗ ಬೇಕಾದರೂ ಬರೆಯಬಹುದಾದದ್ದು. ಸಾಹಿತ್ಯ, ಸಾಹಿತ್ಯ ಎನ್ನುವವರು ಅದನ್ನು ಹಿಡಿದು ಬಡಿಯಬೇಕಿತ್ತು, ಅವರು ಅಲ್ಲಿಯವರೆಗೆ ಕೇಳಲೇ ಇಲ್ಲ. 2013ರಲ್ಲಿ ಬಂದ ಎರಡನೆಯ ಆಲ್ಬಂ ‘ಜಗ್ ಚಂಗಾ’ದ ಮೇಲೆ ನನ್ನ ದೂರು ಇನ್ನೂ ದೊಡ್ಡದು. ಅಲ್ಲಿಯೂ ಶರೀಫರಿದ್ದಾರೆ, ‘ಲೋಕದ ಕಾಳಜಿ’ ಇದೆ. ಮೊದಲ ಆಲ್ಬಂನಲ್ಲಿ ಬಿಗಿಯಾಗಿ, ಒರಟಾಗಿ ಇದ್ದ ಲಯ ಅಲ್ಲಿ ಅಗಲವಾಗಿ, ನುಣುಪಾಗಿ, ಎಲ್ಲರೂ ಕೈಯೆತ್ತಿ ಚಪ್ಪಾಳೆ ತಟ್ಟಲು ಅನುಕೂಲವಾಗುವಂತೆ ಹರಡಿಕೊಂಡಿದೆ. ಗೆದ್ದ ಜನಸಂದಣಿಯನ್ನು ಕಳೆದುಕೊಳ್ಳಬಾರದೆಂಬ ಎಚ್ಚರ ಅದರಲ್ಲಿ ಕೇಳಿಸುತ್ತದೆ. ಚಿಲಿ ಪೆಪ್ಪರ್ಸ್‌ನವರಿಗೂ ಹೀಗೊಂದು ಘಟ್ಟ ಬಂದಿತ್ತು: ‘ಬ್ಲಡ್ ಶುಗರ್’ ಅವರ ಐದನೆಯ ಆಲ್ಬಂ, ಅದರ ಗೆಲುವಿನ ಮಧ್ಯೆಯೇ 1992ರಲ್ಲಿ ಗಿಟಾರಿನ ಜಾನ್ ಫ್ರುಶಾಂಟೆ ಜಪಾನಿನ ಪ್ರವಾಸದಲ್ಲಿ ತಂಡ ಬಿಟ್ಟು ಹೊರಟುಹೋದ. ಅದರ ನಂತರ ಬಂದ ಆಲ್ಬಂ ಎಡವಿತು. ಅಲ್ಲಿನ ವಿಮರ್ಶಕರು ಲಯದ ಲೆಕ್ಕ ಹಿಡಿದು ಜಗಳವಾಡಿದರು. ಯಾವ ಗಿಟಾರು ಬಾಸಿನ ಜತೆ ಮಾತಾಡುತ್ತದೆ, ಯಾವುದು ಅದರ ಮೇಲೆ ಕೂತುಬಿಡುತ್ತದೆ ಎಂದು. ನಮ್ಮಲ್ಲಿ ‘ಜಗ್ ಚಂಗಾ’ ಬಂದಾಗಲೂ ಕೇಳಿಬಂದದ್ದು ಅದೇ ಹಳೆಯ ಮಾತು, ಶರೀಫಜ್ಜನಿಗೆ ಡ್ರಮ್ಮು ಯಾಕೆ ಎಂದು. ಬಡಿದದ್ದು ಸಾಲದಾಗಿತ್ತು ಎಂಬ ದೂರು ಯಾರ ಬಾಯಲ್ಲೂ ಬರಲಿಲ್ಲ. ಗಿರಣಿ ನೋಡಿ ಬಂದು ಗಿರಣಿಯ ಮೇಲೇ ಪದ ಕಟ್ಟಿದ ಶರೀಫರು ಆ ಎರಡನೆಯ ದೂರಿನ ಕಡೆಯವರು ಎಂಬುದು ನನ್ನ ಗುಮಾನಿ.